ನಿಮ್ಮೂರಿನದು ಏನು ತಂದಿರಿ?

ಪರಸ್ಥಳಕ್ಕೆ ಹೋದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ನಮ್ಮ ಕಡೆಯ ಬಹಳ ಹಳೆಯ ಕಟ್ಟಳೆ. ಸಂತೆಗೆ ಹೋದ ತಂದೆ ಟವಲಿನ ತುದಿಯಲ್ಲಿ ಕಡ್ಲೆಪುರಿ ಕಟ್ಟಿಕೊಂಡು ಬರಬೇಕು. ಜಾತ್ರೆಗೆ ಹೋದ ಸೋದರತ್ತೆ ಬತ್ತಾಸು, ಬಳೆ ತರಬೇಕು. ಕಾಶಿಗೆ ಹೋದವರು ದಾರವನ್ನೂ ಬಾಯಿ ಬೆಸೆದ ಗಂಗೆಯ ಗಿಂಡಿಯನ್ನೂ, ತಿರುಪತಿಗೆ ಹೋದವರು ಲಾಡನ್ನೂ ತಂದು ನೆರೆಹೊರೆಗೆ ಹಂಚದಿದ್ದರೆ ಯಾತ್ರೆ ಮುಗಿದಂತೆ ಲೆಕ್ಕವಲ್ಲ. ರೈಲು, ಬಸ್ಸುಗಳು ಬಂದ ಮೇಲೆ ಪಟ್ಟಿ ಬೆಳೆಯಿತು. ಧಾರವಾಡದಿಂದ ಪೇಡ, ಗೋಕಾಕದಿಂದ ಕರದಂಟು, ಬೆಳಗಾವಿಯಿಂದ ಕುಂದಾ, ಮದ್ದೂರಿನಿಂದ ವಡೆ, ಚನ್ನಪಟ್ಟಣದಿಂದ ಬಣ್ಣದ ಬೊಂಬೆ. ಮಕ್ಕಳು ಚೀಲಕ್ಕೆ ಕೈಹಾಕಿ ‘ಏನು ತಂದಿರಿ?’ ಎಂದು ಕೇಳುವಾಗ ‘ಯಾವ ಊರಿಗೆ ಹೋಗಿದ್ದಿರಿ?’ ಎಂದೂ ಕೇಳುತ್ತಿರುತ್ತಾರೆ. ಉತ್ತರ ಚೀಲದೊಳಗೇ ಇರುತ್ತದೆ.

ಹಾಗಾದರೆ ಚಾಮರಾಜನಗರದಿಂದ ಏನು ತರಬೇಕು? ಗುಂಡ್ಲುಪೇಟೆಯಿಂದ ಏನು ತರಬೇಕು? ಆ ಊರುಗಳವರನ್ನೇ ಕೇಳಿ ನೋಡಿ. ಒಂದು ಕ್ಷಣ ತಲೆ ಕೆರೆದುಕೊಂಡು, ‘ಮೈಸೂರು ಪಾಕು ತಗೊಂಡು ಹೋಗಿ’ ಎಂದುಬಿಡುತ್ತಾರೆ.

ಚಾಮರಾಜನಗರದ ಮಟ್ಟಿಗೆ ಇದು ಸ್ವಲ್ಪ ವಿಚಿತ್ರವೇ. ಏಕೆಂದರೆ ಆ ಊರೇ ಒಂದು ಸ್ಮರಣಿಕೆ. ಹಿಂದೆ ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ತನ್ನ ತಂದೆ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದರೆಂಬ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಅವರ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಮಗನೊಬ್ಬ ತಂದೆಯ ನೆನಪಿಗಾಗಿ ಉಳಿಸಿದ ಊರಿನಿಂದ ನೆನಪಿಗೆಂದು ಒಯ್ಯಲು ಏನೂ ಹೊಳೆಯುವುದಿಲ್ಲ!

ಕವಲು ದಾರಿಯ ಅಂಗಡಿಗಳು

ಗುಂಡ್ಲುಪೇಟೆಯ ಕತೆ ಬೇರೆ. ಅಲ್ಲಿ ಅಂಗಡಿಗಳಿಗೂ ಗಿರಾಕಿಗಳಿಗೂ ಕೊರತೆಯಿಲ್ಲ. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುತ್ತದೆ. ಕಾಡಿನೊಳಗಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಸಂಜೆಯಾದಂತೆ ಎಲ್ಲರಿಗೂ ಅವಸರ. ಕಾರು ನಿಲ್ಲಿಸಿ, ಒಂದು ಲೋಟ ಟೀ ಕುಡಿದು, ಕೈಗೆ ಸಿಕ್ಕಿದ್ದನ್ನು ಕೊಂಡು ಹೊರಟುಬಿಡುವವರೇ ಹೆಚ್ಚು. ಮಳೆಗಾಲದ ಹೂವಿನ ದಿನಗಳಲ್ಲಂತೂ ರಸ್ತೆಯ ಇಕ್ಕೆಲದ ಹೊಲಗಳು ಸೂರ್ಯಕಾಂತಿ, ಚೆಂಡುಹೂವಿನಿಂದ ಹಳದಿ ಬಳಿದಂತಿರುತ್ತವೆ. ಕೇರಳದ ಕಡೆಯಿಂದ ಬಂದವರು ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಗಿಡ ತುಳಿಸಿಕೊಂಡು ಸಾಕಾದ ಕೆಲವು ರೈತರು ಅದಕ್ಕೂ ಹತ್ತಿಪ್ಪತ್ತು ರೂಪಾಯಿ ಕೇಳುವುದುಂಟು. ನ್ಯಾಯವಾಗಿ ನೋಡಿದರೆ ಆ ದಾರಿಯಲ್ಲಿ ಮಾರಾಟವಾಗುವ ಅಪ್ಪಟ ಸ್ಥಳೀಯ ಸ್ಮರಣಿಕೆ ಅದೊಂದೇ ಇರಬೇಕು.

ಅಂಗಡಿಗಳಲ್ಲಿ ಜೋಡಿಸಿಟ್ಟಿರುವುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಊಟಿಯ ಚಹಾ ಪುಡಿ ಮತ್ತು ನೀಲಗಿರಿ ತೈಲ, ಮೈಸೂರಿನ ಊದುಬತ್ತಿ ಮತ್ತು ಗಂಧದ ಸಾಬೂನು, ವಯನಾಡಿನ ಮೆಣಸು, ಏಲಕ್ಕಿ, ಹುಲಿಯ ಮುಖ ಅಚ್ಚೊತ್ತಿದ ಬನಿಯನ್ನುಗಳು, ಬೀಗದ ಕೈಗೊಂಚಲುಗಳು, ಸಾಲಾಗಿ ಸೊಂಡಿಲೆತ್ತಿ ನಿಂತ ಆನೆಗಳು. ಎಲ್ಲ ಊರುಗಳ ಸರಕೂ ಉಂಟು, ಅಂಗಡಿಯಿರುವ ಊರಿನದೊಂದನ್ನು ಬಿಟ್ಟು. ದಾರಿಯ ಊರಿನ ಹಣೆಬರಹವೇ ಅಷ್ಟು ಎಂದುಕೊಳ್ಳಬಹುದು. ಆದರೆ ಅಷ್ಟಕ್ಕೇ ಬಿಡಲಾರದ ಸಂಕಟವೊಂದು ತೆರಕಣಾಂಬಿ ಕಡೆಯ ಹುಡುಗನೊಬ್ಬನಿಗೆ ಬಂದೊದಗಿತು.

ಹಾಂಗ್‌ಜೌದ ಋಣ

ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಆ ಹುಡುಗನನ್ನು 2018ರಲ್ಲಿ ಕೆಲಸದ ಮೇಲೆ ಚೀನಾದ ಹಾಂಗ್‌ಜೌ ನಗರಕ್ಕೆ ಕಳಿಸಿದ್ದರು. ಶಾಂಘೈಯ ನೈಋತ್ಯಕ್ಕಿರುವ ಹಾಂಗ್‌ಜೌ ಲಕ್ಷಗಳಲ್ಲಲ್ಲ, ಕೋಟಿಯ ಲೆಕ್ಕದಲ್ಲಿ ಜನರಿರುವ ಊರು. ಪಶ್ಚಿಮ ಸರೋವರ ಎಂಬ ಹೆಸರಾಂತ ಕೆರೆ, ರೇಷ್ಮೆ ಮತ್ತು ಹಸಿರು ಚಹಾ, ಈ ಮೂರಕ್ಕೆ ಅದು ಪ್ರಸಿದ್ಧ. ರೇಷ್ಮೆಗೆಂದೇ ಅಲ್ಲೊಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ.

ರಜೆಗೆ ಊರಿಗೆ ಹೊರಡುವ ಮುನ್ನ ಮನೆಮಂದಿಗೆ ಏನಾದರೂ ಕೊಳ್ಳಬೇಕೆಂದು ಹುಡುಗ ಒಂದು ಭಾನುವಾರ ಪೇಟೆಗೆ ಹೋದ. ಕೆರೆಯ ಸುತ್ತಲಿನ ಬೀದಿಗಳಲ್ಲಿ ಎಲ್ಲಿ ನೋಡಿದರೂ ರೇಷ್ಮೆ ವಸ್ತ್ರಗಳು, ಬೀಸಣಿಗೆಗಳು, ಕತ್ತರಿಗಳು, ಚಹಾದ ಡಬ್ಬಗಳು. ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದರೂ ಅಂಗಡಿಯವನು ನಗುನಗುತ್ತಲೇ ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟದ್ದು ನೋಡಿಯೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಮಾರನೆಯ ದಿನ ಜೊತೆಯ ಕೆಲಸಗಾರನೊಬ್ಬ ಆ ಶಾಲನ್ನು ಮುಟ್ಟಿ ನೋಡಿದ. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿದ. ಎಳೆ ಕರಗಿ ಪುಟ್ಟ ಮಣಿಯಾಗಿ ಗಟ್ಟಿಯಾಯಿತು.

ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ರೇಷ್ಮೆ ಎಂಬುದು ಹುಳು ತನ್ನ ಮೈಯಿಂದ ನೂತ ಪ್ರೋಟೀನು. ನಮ್ಮ ತಲೆಗೂದಲೂ ಬೇರೊಂದು ಬಗೆಯ ಪ್ರೋಟೀನೇ. ಆದ್ದರಿಂದ ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ; ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗುತ್ತದೆ, ಮಣಿಕಟ್ಟುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ರೇಷ್ಮೆಯ ತೌರಿನಲ್ಲೇ ರೇಷ್ಮೆಯಲ್ಲದ ರೇಷ್ಮೆ ಮಾರಾಟವಾಗುವುದಾದರೆ ಬೇರೆ ಊರುಗಳನ್ನು ದೂರುವುದೇಕೆ?

ಆ ಗೆಳೆಯ ಹುಡುಗನನ್ನು ಹಾಗೆ ಬಿಡಲಿಲ್ಲ. ಊರಂಚಿನ ಗುಡ್ಡದ ಮೇಲಿನ ಹಳ್ಳಿಗೆ ಕರೆದೊಯ್ದು, ಲೋಂಗ್‌ಜಿಂಗ್ ಎಂಬ ಚಹಾವನ್ನು ಬೆಳೆಯುವವರ ಮನೆಯಲ್ಲೇ ಕೊಡಿಸಿದ. ಏಪ್ರಿಲ್ ಮೊದಲ ವಾರದ ಹಬ್ಬಕ್ಕಿಂತ ಮುಂಚೆ ಕಿತ್ತ ಎಳೆಯ ಕುಡಿಗೆ ಬೆಲೆ ಹೆಚ್ಚು, ಆಮೇಲಿನದಕ್ಕೆ ಕಡಿಮೆ ಎಂದು ತಿಳಿಸಿದ. ಬಿಸಿ ಬಾಣಲೆಯಲ್ಲಿ ಬರಿಗೈಯಿಂದ ಎಲೆ ಒತ್ತಿ ಹುರಿಯುವುದನ್ನು ತೋರಿಸಿದ. ಕೊನೆಗೆ ತನ್ನ ಕಡೆಯಿಂದ ಒಂದು ಕಲ್ಲಿನ ಮೊಹರು ಕೊಟ್ಟ. ಹೆಬ್ಬೆರಳ ಗಾತ್ರದ ಕಲ್ಲು. ಅದರ ತಳದಲ್ಲಿ ಹುಡುಗನ ಹೆಸರು ಚೀನೀ ಅಕ್ಷರಗಳಲ್ಲಿ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹುಡುಗ ಎರಡೂ ಕೈಯಲ್ಲಿ ತೆಗೆದುಕೊಂಡ. ನಮ್ಮ ಹಾಗೆಯೇ ಅಲ್ಲಿಯೂ ಒಂದೇ ಕೈಯಲ್ಲಿ ಕೊಡುವುದು ಮರ್ಯಾದೆಯಲ್ಲ. ಕೊಡಬಾರದ ವಸ್ತುಗಳೂ ಅಲ್ಲಿ ಉಂಟಂತೆ. ಗಡಿಯಾರ ಕೊಡುವಂತಿಲ್ಲ, ಅವರ ನುಡಿಯಲ್ಲಿ ಆ ಮಾತು ಅಂತ್ಯಕಾಲದ ಸೇವೆಯಂತೆ ಕೇಳಿಸುತ್ತದೆ. ಕತ್ತರಿ ಎಷ್ಟೇ ಹೆಸರುವಾಸಿಯಾಗಿದ್ದರೂ ಸ್ನೇಹಿತನಿಗೆ ಕೊಡುವಂತಿಲ್ಲ, ಸ್ನೇಹ ಕತ್ತರಿಸೀತು.

‘ನೀನು ಹಿಂದಿರುಗುವಾಗ ನಿಮ್ಮೂರಿನದು ಏನಾದರೂ ತಾ, ನಮ್ಮ ತಾಯಿಗೆ ತೋರಿಸಬೇಕು’ ಎಂದು ಅವನು ಹೇಳಿದ್ದು ದೊಡ್ಡ ಬೇಡಿಕೆಯೇನಲ್ಲ. ಆದರೆ ಅದು ಋಣದ ಮಾತು. ಸಾಲವನ್ನು ದುಡ್ಡಿನಿಂದ ತೀರಿಸಬಹುದು, ಇಂಥ ಋಣವನ್ನು ಊರಿನಿಂದಲೇ ತೀರಿಸಬೇಕು.

ಸೊಂಡಿಲೆತ್ತಿದ ಆನೆ

ಊರಿಗೆ ಬಂದ ಹುಡುಗ ಮೊದಲು ಹೋದದ್ದು ಊಟಿ ರಸ್ತೆಯ ಅಂಗಡಿಗೆ. ಬಂಡೀಪುರದ ಊರಿನಿಂದ ಆನೆಯಲ್ಲದೆ ಇನ್ನೇನು ಒಯ್ಯುವುದು? ಕಪ್ಪು ಬಣ್ಣದ, ಜೂಲು ಹಾಕಿದ, ಅಂಗೈ ಎತ್ತರದ ಆನೆಯೊಂದನ್ನು ಆರಿಸಿದ. ಬೆಲೆ ಹೇಗೆಂದು ತಿರುಗಿಸಿ ನೋಡಿದರೆ ಕಾಲಿನಡಿಯಲ್ಲಿ ಪುಟ್ಟ ಚೀಟಿ: ‘ಮೇಡ್ ಇನ್ ಚೈನಾ’.

ಅಂಗಡಿಯವನು ಮುಚ್ಚಿಡಲಿಲ್ಲ. ‘ಸಾರ್, ಬೆಂಗಳೂರಿನ ಸಗಟು ಅಂಗಡಿಯಿಂದ ತರೋದು. ಎಲ್ಲಾ ಕಡೆ ಇದೇ. ಮರದ್ದು ಬೇಕು ಅಂದ್ರೆ ಇದರ ಹತ್ತರಷ್ಟು ಬೆಲೆ, ಯಾರು ತಗೋತಾರೆ?’ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂಬತ್ತರೊಳಗೆ ಕಾಡು ದಾಟಬೇಕಾದವರು ಆನೆಯ ಕುಲಗೋತ್ರ ಕೇಳುವುದಿಲ್ಲ.

ಹುಡುಗನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಂಗ್‌ಜೌ ಇರುವ ಝೆಜಿಯಾಂಗ್ ಪ್ರಾಂತ್ಯದಲ್ಲೇ ಯಿವು ಎಂಬ ಊರಿದೆ. ಸಣ್ಣಪುಟ್ಟ ಸರಕುಗಳ ಸಗಟು ಮಾರುಕಟ್ಟೆಯಲ್ಲಿ ಜಗತ್ತಿಗೇ ದೊಡ್ಡದೆಂದು ಹೆಸರಾದ ಊರು ಅದು. ಕ್ರಿಸ್ಮಸ್ ಅಲಂಕಾರದ ಗುಂಡುಗಳಿಂದ ಹಿಡಿದು ಬೇರೆ ಬೇರೆ ದೇಶಗಳ ‘ಸ್ಮರಣಿಕೆ’ಗಳವರೆಗೆ ಎಲ್ಲವೂ ಅಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ. ನಮ್ಮ ದೇಶದ ವ್ಯಾಪಾರಿಗಳೂ ಅಲ್ಲಿಗೆ ಹೋಗಿ ಸರಕು ತುಂಬಿಸಿಕೊಂಡು ಬರುತ್ತಾರೆ. ಹಾಂಗ್‌ಜೌದಿಂದ ಅದು ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಈ ಆನೆ ಅಲ್ಲಿಯದೇ ಇರಲಿ, ಇಲ್ಲದಿರಲಿ, ಸಮುದ್ರ ದಾಟಿ ಗುಂಡ್ಲುಪೇಟೆಗೆ ಬಂದಿದ್ದ ಅದನ್ನು ತಿರುಗಿ ವಿಮಾನ ಹತ್ತಿಸಿ ತೌರಿಗೆ ಕಳಿಸುವ ಉಪಕಾರ ಹುಡುಗನಿಗೆ ಬೇಕಿರಲಿಲ್ಲ.

ಚೀನಾವನ್ನು ಬೈದು ಪ್ರಯೋಜನವಿಲ್ಲ. ಅವರು ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುತ್ತಾರೆ. ನಮ್ಮ ಕಾಡಿನ ಆನೆಯನ್ನು ನಮ್ಮ ಕೈ ಮಾಡಬಲ್ಲದೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಮಾಡಬಲ್ಲದು. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಗಿಡವೆಂದು ಬಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟದ ಕಾಡುಗಳನ್ನು ಮುಸುಕಿಬಿಟ್ಟಿದೆ. ಅದರಡಿಯಲ್ಲಿ ಹುಲ್ಲು ಬೆಳೆಯದು. ಆನೆ, ಜಿಂಕೆಗಳ ಮೇವು ಕುಗ್ಗಿತು. ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಬೆಂಗಳೂರಿನ ‘ಏಟ್ರೀ’ ಸಂಶೋಧನಾ ಸಂಸ್ಥೆಯ ನೆರವಿನಿಂದ ಸೋಲಿಗರೇ ಮೊದಲಾದವರು ಆ ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ, ಆಟದ ಸಾಮಾನು ಮಾಡುವುದನ್ನು ಕಲಿತರು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿದರೆ ಬೆತ್ತದಂತೆ ಮಣಿಯುತ್ತದೆ. ಗುಂಡ್ಲುಪೇಟೆಯಿಂದ ಊಟಿ ದಾರಿಯಲ್ಲಿ ಗಡಿ ದಾಟಿದರೆ ಸಿಗುವ ಗುಡಲೂರು ಸೀಮೆಯ ಆದಿವಾಸಿಗಳು ಅದೇ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಮಾಡಿದರು. ಅವರ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಜನರನ್ನು ಬೆರಗುಗೊಳಿಸಿತು. ಅದೇ ಕಾಡಿನ ಕವಲು ದಾರಿಯ ಅಂಗಡಿಯಲ್ಲಿ ಮಾತ್ರ ಪ್ಲಾಸ್ಟಿಕ್ ಆನೆ.

ಮಾರುವಂಥದು, ಮಾರಬಾರದ್ದು

ಮನೆಯಲ್ಲಿ ಸಲಹೆಗಳಿಗೇನೂ ಬರವಿರಲಿಲ್ಲ. ದೊಡ್ಡಪ್ಪ ಜೇನುತುಪ್ಪ ಎಂದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಜ್ಜೇನಿಗೆ ಸಮನಾದದ್ದು ಯಾವುದಿದೆ? ರಂಗಸ್ವಾಮಿ ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದು ಅವನನ್ನು ಸೋಲಿಗರು ‘ರಂಗಭಾವ’ ಎಂದು ಕರೆಯುತ್ತಾರೆ. ಭಾವನ ಕಾಡಿನ ಜೇನೆಂದರೆ ನೆಂಟರ ಮನೆಯ ಜೇನಿದ್ದಂತೆ. ರಾತ್ರಿಯ ಹೊತ್ತು ಹೊಗೆಯ ಪಂಜು ಹಿಡಿದು ಎತ್ತರದ ಮರವೇರಿ ಹಲ್ಲೆ ಇಳಿಸುವ ಆ ಕೆಲಸ ಸಾಮಾನ್ಯದ್ದಲ್ಲ. ವನ್ಯಜೀವಿ ಕಾನೂನಿನ ತಿದ್ದುಪಡಿಯ ದೆಸೆಯಿಂದ ಕೆಲವು ವರ್ಷ ಕಾಡಿನ ಉತ್ಪನ್ನ ಸಂಗ್ರಹವೇ ನಿಂತಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಪೋಡುಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು.

ಆದರೆ ಜೇನಿಗೆ ಎರಡು ತೊಡಕು. ದ್ರವಪದಾರ್ಥವನ್ನು ವಿಮಾನದ ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ಹೆಚ್ಚು ಬಿಡುವುದಿಲ್ಲ. ಆಹಾರ ವಸ್ತುಗಳ ವಿಷಯದಲ್ಲಿ ಒಂದೊಂದು ದೇಶದ ಕಾನೂನೂ ಒಂದೊಂದು ಬಗೆ. ಎರಡನೆಯದು ನಂಬಿಕೆಯ ತೊಡಕು. ರಸ್ತೆ ಬದಿಯ ಶೀಶೆಯಲ್ಲಿರುವುದು ಜೇನೋ ಬೆಲ್ಲದ ಪಾಕವೋ? ನೀರಿಗೆ ಹನಿ ಬಿಡುವುದು, ಕಡ್ಡಿಗೆ ಅದ್ದಿ ಗೀರುವುದು ಮುಂತಾದ ಮನೆಯ ಪರೀಕ್ಷೆಗಳನ್ನು ನಂಬುವಂತಿಲ್ಲ. ಗಟ್ಟಿಯಾಗಿ ಹರಳುಗಟ್ಟಿದರೆ ಕಲಬೆರಕೆ ಎಂಬುದೂ ತಪ್ಪು. ಜೇನಿನಲ್ಲಿರುವ ಗ್ಲೂಕೋಸ್ ತಂಪಿಗೆ ಹರಳಾಗುವುದು ಸಹಜ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರ ಡಿಸೆಂಬರಿನಲ್ಲಿ ಹೊರಗೆಡವಿದ ಸಂಗತಿ ಇನ್ನೂ ಸೋಜಿಗದ್ದು. ಪ್ರಯೋಗಾಲಯದ ಪರೀಕ್ಷೆಗೂ ಸಿಕ್ಕದಂಥ ಸಕ್ಕರೆ ಪಾಕವನ್ನು ಚೀನಾದ ಕಂಪನಿಗಳು ಮಾರುತ್ತಿದ್ದವು, ಅದು ನಮ್ಮ ದೇಶದ ಜೇನಿಗೆ ಬೆರೆಯುತ್ತಿತ್ತು! ಆದ್ದರಿಂದ ಜೇನು ಬೇಕಾದವರು ಬೆಟ್ಟಕ್ಕೇ ಹೋಗಿ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದಂಥ ಕಡೆ ಕೊಳ್ಳುವುದೇ ಸರಿ. ಇಳಿಸಿದ ಕೈ ಯಾವುದೆಂದು ತಿಳಿದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರಿಲ್ಲ.

ಚಿಕ್ಕಮ್ಮ ಕಲ್ಲು ಎಂದರು. ಚಾಮರಾಜನಗರದ ಕರಿಕಲ್ಲು ಲೋಕಪ್ರಸಿದ್ಧ. ವ್ಯಾಪಾರದಲ್ಲಿ ‘ಗ್ರಾನೈಟ್’ ಎನ್ನುತ್ತಾರಾದರೂ ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್. ಹಳೆಯ ಬಂಡೆಯ ಬಿರುಕಿನೊಳಗೆ ಏರಿ ಬಂದ ಕುದಿರಸ ತಣಿದು ಗಟ್ಟಿಯಾದದ್ದು. ನಯಗೊಳಿಸಿದರೆ ಕನ್ನಡಿಯಾಗುವ ಆ ಕಲ್ಲು ಹಡಗು ಹತ್ತಿ ಹೋಗಿ ಪರದೇಶದ ಸಮಾಧಿಗಳ ಮೇಲೆ ಸ್ಮಾರಕ ಶಿಲೆಯಾಗಿ ನಿಲ್ಲುತ್ತದೆ. ಯಾರದೋ ತಂದೆತಾಯಿಯ ಹೆಸರು ನಮ್ಮ ಕಲ್ಲಿನ ಮೇಲೆ! ಆದರೆ ಸ್ನೇಹಿತನ ತಾಯಿಗೆ ಸಮಾಧಿಯ ಕಲ್ಲನ್ನು ಕೊಡುವುದೇ? ಗಡಿಯಾರವೇ ಬೇಡವೆನ್ನುವ ನಾಡಿನಲ್ಲಿ ಆ ಮಾತೆತ್ತುವಂತಿರಲಿಲ್ಲ.

ಹುಡುಗನಿಗೆ ತಾನಾಗಿ ಹೊಳೆದದ್ದು ಕಂಸಾಳೆ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮಾದಪ್ಪನ ಗುಡ್ಡರು ಬೀಸಿ ಬಾರಿಸುವಾಗ ನೋಡಿದವರು ಮರೆಯಲಾರರು. ನೆಂಟಸ್ತಿಕೆಯ ಹಳ್ಳಿಯಲ್ಲೊಬ್ಬ ಹಿರಿಯ ಕಂಸಾಳೆಯವರಿದ್ದರು. ಅವರ ಹಳೆಯ ಜೋಡಿಯನ್ನು ಕೊಡುತ್ತೀರಾ, ಬೆಲೆ ಎಷ್ಟಾದರೂ ಸರಿ ಎಂದು ಹುಡುಗ ಕೇಳಿದ. ಹಿರಿಯರು ಸಿಟ್ಟಾಗಲಿಲ್ಲ.

‘ಅದ್ನ ಗುರು ಕೈಲಿ ಈಸ್ಕಂಡಿದ್ದು ಕನಪ್ಪ. ದೀಕ್ಷ ಆಗಿ ಬಂದದ್ದು. ಅವರು ಬಾರಿಸಿ ಮಾದಪ್ಪನ ಪದ ಹಾಡ್ತಾರ? ಹಾಡಾದಾದ್ರ ಹೇಳು, ಸುಮ್ನೆ ಕೊಡ್ತೀನಿ’ ಎಂದರು.

ಗೋಡೆಗೆ ತೂಗುಹಾಕಲು ಎಂದು ಹೇಳುವ ಧೈರ್ಯ ಹುಡುಗನಿಗೆ ಆಗಲಿಲ್ಲ. ಊರಿನದೆಂದು ಹೆಮ್ಮೆಪಡುವ ವಸ್ತುಗಳಲ್ಲಿ ಮಾರಬಾರದ್ದೂ ಉಂಟು. ಅವನ್ನು ನೋಡಲು, ಕೇಳಲು ಊರಿಗೇ ಬರಬೇಕು. ಹಾಗೆ ಒಂದೆರಡು ವಸ್ತುಗಳಾದರೂ ಚೀಲಕ್ಕೆ ಸಿಗದೆ ಉಳಿದರೆ ಊರಿಗೆ ಒಳ್ಳೆಯದೇ.

ಅಂಗೈಯಗಲದ ಚಂದ್ರಿಕೆ

ಉಳಿದದ್ದು ಅಜ್ಜಿ. ಕೇಳುವವರು ಯಾರೂ ಇಲ್ಲದೆ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು, ‘ಅವರೂ ಹುಳ ಸಾಕಾ ಜನ ಅಂದಲ್ಲಪ್ಪ?’ ಎಂದಳು.

‘ಹೂಂ ಅಜ್ಜಿ, ರೇಷ್ಮ ಹುಟ್ಟಿದ್ದೇ ಅವರ ದೇಶ್ದಲ್ಲಿ.’

‘ಹಂಗಾದ್ರ ಅವರ ತಾಯಿಗ ಒಂದು ಚಂದ್ರಿಕ ಕೊಡು. ಹುಳ ಸಾಕಿದ ಹೆಂಗಸಾದ್ರ ಗುರುತು ಹಿಡಿತಾಳ.’

ಮನೆಯವರೆಲ್ಲ ನಕ್ಕರು. ರೇಷ್ಮೆ ಸೀಮೆಯವರಲ್ಲದವರಿಗೆ ಹೇಳಬೇಕಾದ ಮಾತಿದು. ಹುಳು ನಾಲ್ಕು ಜ್ವರ ಕಳೆದು, ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಹೊಳೆದು ‘ಹಣ್ಣಾದಾಗ’ ಅದನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎಂದು ಹೆಸರು. ಆಳುದ್ದದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಸುತ್ತುಸುತ್ತಾಗಿ ನಿಲ್ಲಿಸಿರುತ್ತಾರೆ. ಆ ಸಂದಿಗಳಲ್ಲಿ ಸೇರಿಕೊಂಡು ಹುಳು ಎರಡು ಮೂರು ದಿನ ತಲೆಯಾಡಿಸುತ್ತಾ, ತಳಿಯನ್ನನುಸರಿಸಿ ಕೆಲವು ನೂರು ಮೀಟರಿನಿಂದ ಸಾವಿರ ಮೀಟರಿನವರೆಗೂ ಒಂದೇ ಎಳೆಯನ್ನು ತುಂಡಾಗದಂತೆ ಸುತ್ತಿಕೊಳ್ಳುತ್ತದೆ. ಚಂದ್ರಿಕೆಯನ್ನು ಹೆಣೆಯುವವರು ಮೇದರು. ಪ್ಲಾಸ್ಟಿಕ್ಕಿನ ‘ನೇತ್ರಿಕೆ’ ಬಂದ ಮೇಲೆ ಬಿದಿರಿನದಕ್ಕೆ ಬೇಡಿಕೆ ಕುಗ್ಗಿತು. ಅಜ್ಜಿಯ ಮನೆಯ ಚಂದ್ರಿಕೆಗಳು ಹಟ್ಟಿಯ ಹಿಂದೆ ಗೆದ್ದಲು ಹಿಡಿದು ಬಿದ್ದಿದ್ದವು.

ಹುಡುಗ ಅಜ್ಜಿಯನ್ನು ಕೂಡಿಸಿಕೊಂಡು ಚಾಮರಾಜನಗರಕ್ಕೆ ಹೋದ. ಅಲ್ಲಿ ಅಜ್ಜಿಗೆ ಗುರುತಿದ್ದ ಮೇದರ ಮನೆಯ ಹೆಂಗಸು ಮೊರ, ಮಕ್ಕರಿ ಹೆಣೆಯುತ್ತಾ ಕುಳಿತಿದ್ದಳು. ಅಂಗೈಯಗಲದ ಚಂದ್ರಿಕೆ ಬೇಕೆಂದಾಗ ಅವಳಿಗೆ ಅರ್ಥವೇ ಆಗಲಿಲ್ಲ.

‘ಇಷ್ಟರಲ್ಲಿ ಎಷ್ಟು ಹುಳ ಬುಟ್ಟಾರವ್ವಾ?’

‘ಹುಳ ಬುಡಾಕಲ್ಲ ಕಣಕ್ಕ, ನೋಡಾಕ’ ಎಂದ ಹುಡುಗ.

ಅವಳು ಎಳೆ ಬಿದಿರನ್ನು ಕೂದಲಂತೆ ಸೀಳಿದಳು. ದೊಡ್ಡದಕ್ಕಿಂತ ಚಿಕ್ಕದರ ಕೆಲಸ ನಾಜೂಕು. ಪಟ್ಟಿ ತಿರುವಿನಲ್ಲಿ ಮುರಿಯಬಾರದು. ಎರಡು ಮುರಿದವು, ಮೂರನೆಯದು ನಿಂತಿತು. ಬೆಲೆ ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಆಳುದ್ದದ ಚಂದ್ರಿಕೆಗೆ, ಮೊರಕ್ಕೆ, ಕುಕ್ಕೆಗೆ ಬೆಲೆ ಗೊತ್ತು. ಯಾರೂ ಕೇಳದ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಒಂದು ದಿನ ಪೂರ್ತಿ ಹೋಯಿತಲ್ಲ, ಒಂದು ದಿನದ ಕೂಲಿ ಕೊಡಿ ಎಂದಳು. ಅಜ್ಜಿ ಎರಡು ದಿನದ್ದು ಕೊಡಿಸಿದಳು.

ಅದರ ಜೊತೆಗೆ ಹುಡುಗ ಕೊಳ್ಳೇಗಾಲಕ್ಕೂ ಹೋಗಿಬಂದ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕು ರೇಷ್ಮೆ ಕೃಷಿಗೂ ಕೈಮಗ್ಗಕ್ಕೂ ಹಳೆಯ ಹೆಸರು. ಕೇಂದ್ರ ಸರ್ಕಾರ 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲಿನ ಮುಂದೆ ನಮ್ಮ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದನ್ನು ಇಲ್ಲಿಯವರು ಮರೆತಿಲ್ಲ. ನೇಯುವವರ ಮನೆಯಲ್ಲೇ ಕುಳಿತು, ಮಗ್ಗದ ಸದ್ದು ಕೇಳುತ್ತಾ, ಹುಡುಗ ಅರಿಸಿನ ಬಣ್ಣದ ಒಂದು ರೇಷ್ಮೆ ಶಲ್ಯ ಕೊಂಡ. ರೇಷ್ಮೆಯ ತೌರಿಗೆ ರೇಷ್ಮೆ ಒಯ್ಯುವುದು ಸಮುದ್ರಕ್ಕೆ ಉಪ್ಪು ಹೊತ್ತಂತೆ ಎಂದು ಬಸ್ಸಿನಲ್ಲಿ ಒಮ್ಮೆ ಅನ್ನಿಸಿತು. ಆದರೆ ಅಂಚಿನಿಂದ ಎಳೆಯೊಂದನ್ನು ಕಿತ್ತು ಸುಟ್ಟು ನೋಡಿ ಎಂದು ಧೈರ್ಯವಾಗಿ ಹೇಳಬಹುದಾದ ವಸ್ತು ಅದು.

ಹಾಂಗ್‌ಜೌದಲ್ಲಿ ಗೆಳೆಯ ಶಲ್ಯವನ್ನು ಮೆಚ್ಚಿ ಮಡಿಚಿಟ್ಟ. ಅವನಿಗೆ ಚಂದ್ರಿಕೆ ಏನೆಂದು ತಿಳಿಯಲಿಲ್ಲ. ಗೋಡೆಗೆ ಹಾಕುವ ಚಿತ್ತಾರವೇ, ಬಿಸಿ ಪಾತ್ರೆಯ ಕೆಳಗಿಡುವ ತಟ್ಟೆಯೇ ಎಂದು ತಿರುಗಿಸಿ ನೋಡಿದ. ಒಳಗಿನಿಂದ ಅವನ ತಾಯಿ ಬಂದರು. ಎರಡೂ ಕೈಯಲ್ಲಿ ತೆಗೆದುಕೊಂಡರು. ತೋರುಬೆರಳನ್ನು ನಡುವಿನಿಂದ ಸುತ್ತಿನ ಸಂದಿಯೊಳಗೆ ಹುಳುವಿನಂತೆ ಮೆಲ್ಲಗೆ ಆಡಿಸುತ್ತಾ ಹೊರಗಿನವರೆಗೂ ಒಯ್ದರು. ಅವರು ಹುಡುಗಿಯಾಗಿದ್ದಾಗ ಹಳ್ಳಿಯ ಮನೆಯಲ್ಲಿ ಹುಳು ಸಾಕುತ್ತಿದ್ದರಂತೆ. ಅಲ್ಲಿ ಗೂಡು ಕಟ್ಟಿಸಲು ಬತ್ತದ ಹುಲ್ಲಿನ ಸರ. ಇಲ್ಲಿ ಬಿದಿರಿನ ಸುತ್ತು. ರಾತ್ರಿ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗಿರುತ್ತಿತ್ತು ಎಂದು ಅವರು ಹೇಳಿದ್ದನ್ನು ಮಗ ತರ್ಜುಮೆ ಮಾಡಿದ. ತೆರಕಣಾಂಬಿಯ ಅಜ್ಜಿಯೂ ಅದೇ ಮಾತನ್ನು ನೂರು ಸಲ ಹೇಳಿದ್ದಳು. ಕೊನೆಗೆ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನು ಹೆಣೆದವರು ಯಾರು?’ ಹುಡುಗ ಹೇಳಬಲ್ಲವನಾಗಿದ್ದ. ಅವಳ ಹೆಸರನ್ನು ಹೇಳಿದ.

ಮೂರು ಪ್ರಶ್ನೆಗಳು

ಪ್ರವಾಸಕ್ಕೆ ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ, ‘ಎಷ್ಟು?’ ಎಂದು. ಅದಕ್ಕೆ ಮುಂಚೆ ಇನ್ನೂ ಮೂರನ್ನು ಕೇಳುವುದು ಒಳ್ಳೆಯದು. ಇದನ್ನು ಎಲ್ಲಿ ಮಾಡಿದರು? ಯಾವುದರಿಂದ ಮಾಡಿದರು? ಯಾರು ಮಾಡಿದರು? ಅಂಗಡಿಯವನಿಗೆ ಮೊದಲ ದಿನ ಉತ್ತರ ಗೊತ್ತಿರುವುದಿಲ್ಲ. ಹತ್ತು ಜನ ಕೇಳಿದರೆ ತಿಳಿದುಕೊಳ್ಳುತ್ತಾನೆ. ನೂರು ಜನ ಕೇಳಿದರೆ ತರಿಸಿಡುತ್ತಾನೆ. ವ್ಯಾಪಾರಿಗೆ ಯಾವ ಊರಿನ ಮೇಲೂ ದ್ವೇಷವಿಲ್ಲ. ಕೇಳಿದ್ದನ್ನು ಇಡುವುದು ಅವನ ಧರ್ಮ.

ಚಾಮರಾಜನಗರ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಜಿಲ್ಲೆಯ ಹೆಸರು ಹೇಳಬಲ್ಲ ಅರಿಸಿನ, ರೇಷ್ಮೆ, ಜೇನು, ಲಂಟಾನದ ಆನೆ, ಬಿದಿರಿನ ಚಂದ್ರಿಕೆ, ಕರಿಕಲ್ಲಿನ ಪುಟ್ಟ ಕುಟ್ಟಾಣಿ ಎಲ್ಲವೂ ಒಂದೇ ಕಡೆ ಸಿಗುವ ಒಂದು ಮಳಿಗೆ ಗುಂಡ್ಲುಪೇಟೆಯ ಕವಲಿನಲ್ಲಿದ್ದರೆ, ಸಂಜೆಯ ಅವಸರದಲ್ಲಿರುವವರಿಗೂ ಆಯ್ಕೆಯುಂಟಾಗುತ್ತದೆ. ಪ್ರತಿ ವಸ್ತುವಿನ ಅಡಿಯಲ್ಲಿ ಪುಟ್ಟ ಚೀಟಿ ಈಗಲೂ ಇರಲಿ. ಮೇಡ್ ಇನ್ ಯಾವ ದೇಶ ಎಂಬುದರ ಬದಲು ಮಾಡಿದವರ ಹೆಸರೂ ಊರೂ ಅದರಲ್ಲಿದ್ದರೆ ಸಾಕು.

ಮೇದರ ಮನೆಯ ಆ ಹೆಂಗಸಿಗೆ ಹುಡುಗ ಮುಂದಿನ ರಜೆಯಲ್ಲಿ ಐದು ಚಂದ್ರಿಕೆಗಳಿಗೆ ಹೇಳಿದನಂತೆ. ಈ ಸಲ ಅವಳೇ ಬೆಲೆ ಹೇಳಿದಳು.